‘ಎಲ್ಲಕ್ಕೂ ಮದ್ದು’ ಎನಿಸಿಕೊಂಡ ಸೊಪ್ಪು

ಹಿಜರಿ 237. ಕ್ರಿಸ್ತಶಕದ ಲೆಕ್ಕದಲ್ಲಿ 851. ಪರ್ಷಿಯನ್ ಕೊಲ್ಲಿಯ ಸೀರಾಫ್ ಬಂದರಿನಿಂದ ಹೊರಟು, ಮಲಬಾರಿನ ಕೊಲ್ಲಂನಲ್ಲಿ ತಂಗಿ, ಮಲಕ್ಕಾ ಜಲಸಂಧಿಯನ್ನು ದಾಟಿ ಚೀನಾಕ್ಕೆ ಹೋಗಿಬರುತ್ತಿದ್ದ ವರ್ತಕರ ಅನುಭವಗಳನ್ನು ಆ ವರ್ಷ ಒಬ್ಬರು ಅರಬಿಯಲ್ಲಿ ಬರೆದಿಟ್ಟರು. ‘ಅಖ್ಬಾರುಸ್ಸೀನ್ ವಲ್ ಹಿಂದ್’, ಅಂದರೆ ಚೀನಾ ಮತ್ತು ಹಿಂದೂಸ್ತಾನದ ವರ್ತಮಾನಗಳು ಎಂಬ ಹೆಸರಿನಿಂದ ಇಂದು ಪರಿಚಿತವಾಗಿರುವ ಪುಟ್ಟ ಕೃತಿ ಅದು. ಬರೆದವರ ಹೆಸರು ಉಳಿದಿಲ್ಲ. ಮಾಹಿತಿ ಕೊಟ್ಟವನೆಂದು ಸುಲೈಮಾನ್ ಎಂಬ ವರ್ತಕನ ಹೆಸರು ಮಾತ್ರ ಅದರಲ್ಲಿ ಬರುತ್ತದೆ. (ನಮ್ಮ ಕರಾವಳಿಯವರು ಊಟದ ಮೇಲೆ ಕುಡಿಯುವ ಸುಲೈಮಾನಿಗೂ ಈ ಸುಲೈಮಾನನಿಗೂ ನಂಟು ಕಲ್ಪಿಸಲು ಯಾವ ಆಧಾರವೂ ಇಲ್ಲ. ಅದು ಹಾಲಿಲ್ಲದ ಕಪ್ಪು ಚಹಾ.)

ಚೀನಾದ ದೊರೆ, ನಾಣ್ಯ, ನ್ಯಾಯ, ಸತ್ತವರ ಸಂಸ್ಕಾರ ಎಂದು ಏನೇನನ್ನೋ ಹೇಳುತ್ತಾ ಹೋಗುವ ಆ ಲೇಖಕ ಒಂದು ಕಡೆ ಒಂದು ಸೊಪ್ಪಿನ ವಿಷಯ ತೆಗೆಯುತ್ತಾನೆ. ಅವನು ಹೇಳುವುದರ ಸಾರ ಇಷ್ಟು: ಚೀನಾದ ದೊರೆಗೇ ಮೀಸಲಾದ ಆದಾಯದ ಮೂಲಗಳಲ್ಲಿ ಒಂದು ಉಪ್ಪು, ಇನ್ನೊಂದು ಅಲ್ಲಿಯ ಜನ ಬಿಸಿನೀರಿನೊಂದಿಗೆ ಕುಡಿಯುವ ಒಂದು ಸೊಪ್ಪು. ಪ್ರತಿ ಪಟ್ಟಣದಲ್ಲೂ ಅದು ಭಾರೀ ಹಣಕ್ಕೆ ಮಾರಾಟವಾಗುತ್ತದೆ. ಅದರ ಹೆಸರು ‘ಸಾಖ್’. ಜಾನುವಾರುಗಳಿಗೆ ಹಾಕುವ ಮೇವಿನ ಸೊಪ್ಪಿಗಿಂತ ಅದಕ್ಕೆ ಎಲೆ ಹೆಚ್ಚು, ಪರಿಮಳವೂ ತುಸು ಹೆಚ್ಚು, ರುಚಿ ಕಹಿ. ನೀರನ್ನು ಕುದಿಸಿ ಅದರ ಮೇಲೆ ಹಾಕುತ್ತಾರೆ. ಎಲ್ಲಕ್ಕೂ ಅದು ಅವರಿಗೆ ಮದ್ದು. ಚೀನಾದ ಹೊರಗಿನವರು ಚಹಾದ ಬಗ್ಗೆ ಬರೆದಿಟ್ಟವುಗಳಲ್ಲಿ ನಮಗೆ ಸಿಗುವ ಅತಿ ಹಳೆಯ ಬರಹಗಳಲ್ಲಿ ಇದೊಂದು.

ಈ ನಾಲ್ಕಾರು ಸಾಲುಗಳಲ್ಲಿ ತೆರಿಗೆಯ ವಿಷಯವಿದೆ, ತಯಾರಿಯ ವಿಷಯವಿದೆ, ಔಷಧಿಯೆಂಬ ಕೀರ್ತಿಯೂ ಇದೆ. ತಯಾರಿಯ ಮಾತು ಮಾತ್ರ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ತಾನು ಅದನ್ನು ಕುಡಿದು ನೋಡಿದೆನೆಂದೂ ಲೇಖಕ ಅಲ್ಲಿ ಹೇಳುವುದಿಲ್ಲ. ಮುಂದಿನ ಸಾವಿರ ವರ್ಷಗಳ ಕಾಲವೂ ಹೆಚ್ಚುಕಡಿಮೆ ಹೀಗೆಯೇ ಆಯಿತು. ಮದ್ದೆಂಬ ಹೆಸರು ಎಲೆಗಿಂತಲೂ ಮುಂದೆ ಓಡಿತು. ಅದನ್ನು ಹೇಗೆ ತಯಾರಿಸಿ ಕುಡಿಯಬೇಕೆಂಬ ತಿಳಿವಳಿಕೆ ಹಿಂದೆಯೇ ಉಳಿಯಿತು.

ಈ ಹಳೆಯ ಕತೆ ನನಗೆ ನೆನಪಾದದ್ದು ನನ್ನ ಸೋದರಮಾವನ ಮನೆಯಲ್ಲಿ. ಅವರಿಗೆ ಸಕ್ಕರೆ ಕಾಯಿಲೆ ಬಂದು ಹಲವು ವರ್ಷಗಳಾದವು. ವಿದೇಶದಿಂದ ಬಂದ ನೆಂಟರೊಬ್ಬರು ಚೀನಾದ ಹಸಿರು ಚಹಾದ ಡಬ್ಬಿಯೊಂದನ್ನು ಕೊಟ್ಟು ಅದರ ಗುಣಗಾನ ಮಾಡಿ ಹೋಗಿದ್ದರು. ನಾನು ಹೋದಾಗ ಮಾಮಿ ಆ ಎಲೆಗಳನ್ನು ಪಾತ್ರೆಗೆ ಸುರಿದು ಒಲೆಯ ಮೇಲೆ ಹತ್ತು ನಿಮಿಷ ಕುದಿಸುತ್ತಿದ್ದರು. ಮಾಮ ಮುಖ ಕಿವಿಚಿಕೊಂಡು ಅದನ್ನು ಒಂದೇ ಗುಟುಕಿಗೆ ಕುಡಿದರು. “ಇಷ್ಟು ಕಹಿ ಹೇಗೆ ಕುಡಿಯುತ್ತೀರಿ ಮಾಮ?” ಎಂದು ಕೇಳಿದೆ. “ಮದ್ದು ಎಲ್ಲಾದರೂ ಸಿಹಿಯಾಗಿರುತ್ತದೆಯಾ ಮಗಾ?” ಎಂದರು. ಮಾತ್ರೆಗಳನ್ನು ನಿಲ್ಲಿಸಿ ಆಗಲೇ ತಿಂಗಳಾಗಿತ್ತು ಎಂಬುದು ಆಮೇಲೆ ತಿಳಿಯಿತು.

ಎಲೆ ಒಂದೇ, ವಿಧಾನ ಬೇರೆ

ಹಸಿರು ಚಹಾ ಎಂಬುದು ಬೇರೆ ಗಿಡದ ಎಲೆಯಲ್ಲ. ನಮ್ಮ ಹೋಟೆಲುಗಳಲ್ಲಿ ಹಾಲು, ಸಕ್ಕರೆ ಹಾಕಿ ಕುದಿಸುವ ಕಪ್ಪು ಚಹಾ ಬರುವುದೂ ಅದೇ ಗಿಡದಿಂದ. ಕಿತ್ತ ಎಲೆಯನ್ನು ಬಾಡಿಸಿ, ಹೊಸಕಿ ಗಾಳಿಗೆ ಬಿಟ್ಟರೆ ಕತ್ತರಿಸಿಟ್ಟ ಸೇಬಿನ ಹಾಗೆ ಅದು ಕಂದಾಗುತ್ತದೆ. ಎಲೆಯೊಳಗಿನ ಕಿಣ್ವಗಳು ಆ ಕೆಲಸ ಮಾಡುತ್ತವೆ. ಹಸಿರು ಚಹಾ ಮಾಡುವವರು ಆ ಕಿಣ್ವಗಳನ್ನು ಮೊದಲೇ ಬಿಸಿಯಿಂದ ಅಡಗಿಸಿಬಿಡುತ್ತಾರೆ. ಒಂದೋ ಎಲೆಯನ್ನು ಆವಿಯಲ್ಲಿ ಬೇಯಿಸುತ್ತಾರೆ, ಇಲ್ಲವೇ ಸುಮಾರು 200 ಡಿಗ್ರಿ ಕಾದ ಬಾಣಲೆಯಲ್ಲಿ ಹುರಿಯುತ್ತಾರೆ. ಚೀನೀಯರು ಇದನ್ನು ‘ಶಾಚಿಂಗ್’ ಎನ್ನುತ್ತಾರೆ. ಹಸಿರನ್ನು ಕೊಲ್ಲುವುದು ಎಂದು ಅದರ ಅರ್ಥ. ಹಸಿರನ್ನು ಉಳಿಸುವ ಕ್ರಿಯೆಗೆ ಕೊಲ್ಲುವುದೆಂಬ ಹೆಸರು ಹೇಗೆ ಬಂತೆಂದು ಆಶ್ಚರ್ಯವಾಗಬಹುದು. ಎಲೆಯ ಹಸಿ ವಾಸನೆಯನ್ನು ಕೊಲ್ಲುವುದು ಎಂದುಕೊಂಡರೆ ಸರಿಯಾಗುತ್ತದೆ.

ಚಹಾವನ್ನು ಕಂಡುಹಿಡಿದವನು ಶೆನ್‌ನೋಂಗ್ ಎಂಬ ದೊರೆ, ಅವನು ನೀರು ಕಾಯಿಸುತ್ತಿದ್ದಾಗ ಎಲೆಯೊಂದು ಹಾರಿಬಂದು ಬಿತ್ತು ಎಂಬ ಕತೆಯನ್ನು ಎಲ್ಲ ಡಬ್ಬಿಗಳ ಮೇಲೂ ಓದಬಹುದು. ಅದು ಐತಿಹ್ಯ, ಚರಿತ್ರೆಯಲ್ಲ. ಚರಿತ್ರೆಗೆ ಬೇಕಾದರೆ ಷಿಯಾನ್ ನಗರದ ಬಳಿ ಹಾನ್ ವಂಶದ ಚಕ್ರವರ್ತಿ ಜಿಂಗ್‌ನ ಗೋರಿಯಿದೆ. ಅವನು ಸತ್ತದ್ದು ಕ್ರಿ.ಪೂ. 141ರಲ್ಲಿ. ಅವನೊಂದಿಗೆ ಹೂತಿಟ್ಟ ಧಾನ್ಯಗಳ ಜೊತೆಗೆ ಸಿಕ್ಕ ಕಂದುಬಣ್ಣದ ಮುದ್ದೆಯೊಂದು ಚಹಾದ ಚಿಗುರೆಂದು ಪ್ರಯೋಗಾಲಯದ ಪರೀಕ್ಷೆಯಿಂದ ಖಚಿತವಾಯಿತು. ಆ ವರದಿ ಪ್ರಕಟವಾದದ್ದು 2016ರಲ್ಲಿ. ಕ್ರಿ.ಪೂ. 59ರಲ್ಲಿ ಸಿಚುವಾನಿನ ವಾಂಗ್ ಬಾವೊ ಎಂಬವನು ಬರೆದ ತಮಾಷೆಯ ಕರಾರುಪತ್ರವೊಂದಿದೆ. ಆಳು ಮಾಡಬೇಕಾದ ಕೆಲಸಗಳ ಉದ್ದನೆಯ ಪಟ್ಟಿ ಅದು. ಚಹಾ ಕುದಿಸುವುದು, ಸಂತೆಯಿಂದ ಚಹಾ ಕೊಂಡುತರುವುದು ಎರಡೂ ಅದರಲ್ಲಿ ಸೇರಿವೆ. ಅಂದರೆ ಎರಡು ಸಾವಿರ ವರ್ಷಗಳ ಹಿಂದೆಯೇ ಅದು ಸಂತೆಯ ಸರಕಾಗಿತ್ತು.

ಚಹಾಕ್ಕೆ ಶಾಸ್ತ್ರವೊಂದನ್ನು ಬರೆದವನು ಲೂ ಯೂ. ಅವನ ಕಾಲ 733ರಿಂದ 804. ತಂದೆತಾಯಿ ಇಲ್ಲದ ಮಗುವಾಗಿದ್ದ ಅವನನ್ನು ಬೌದ್ಧ ಭಿಕ್ಷುವೊಬ್ಬರು ಮಠದಲ್ಲಿ ಸಾಕಿದರು. ಅವನು ಬರೆದ ‘ಚಾ ಜಿಂಗ್’ ಹತ್ತು ಅಧ್ಯಾಯಗಳ ಚಿಕ್ಕ ಗ್ರಂಥ. ಅವನ ಕಾಲದಲ್ಲಿ ಎಲೆಯನ್ನು ಆವಿಯಲ್ಲಿ ಬೇಯಿಸಿ, ಕುಟ್ಟಿ, ಬಿಲ್ಲೆ ತಟ್ಟಿ ಒಣಗಿಸುತ್ತಿದ್ದರು. ಕುಡಿಯುವಾಗ ಬಿಲ್ಲೆಯನ್ನು ಕೆಂಡದ ಮೇಲೆ ಕಾಯಿಸಿ, ಪುಡಿ ಮಾಡಿ ಕುದಿಯುವ ನೀರಿಗೆ ಹಾಕುತ್ತಿದ್ದರು. ನೀರಿನ ಕುದಿಯಲ್ಲೇ ಲೂ ಯೂ ಮೂರು ಹಂತಗಳನ್ನು ಗುರುತಿಸಿದ. ಮೊದಲ ಹಂತದಲ್ಲಿ ಮೀನಿನ ಕಣ್ಣಿನಂಥ ಗುಳ್ಳೆಗಳು. ಆಗ ಚಿಟಿಕೆ ಉಪ್ಪು. ಎರಡನೆಯದರಲ್ಲಿ ಪಾತ್ರೆಯ ಅಂಚಿನುದ್ದಕ್ಕೂ ಮುತ್ತಿನ ಸರದಂಥ ಗುಳ್ಳೆಗಳು. ಚಹಾಪುಡಿಗೆ ಅದೇ ಸಮಯ. ಮೂರನೆಯದರಲ್ಲಿ ನೀರು ಅಲೆಯಂತೆ ಮೊರೆಯುತ್ತದೆ. ಅದರಾಚೆ ಕುದಿಸಿದರೆ ನೀರು ಮುದಿಯಾಯಿತು, ಕುಡಿಯಬಾರದು. ನೀರಿನಲ್ಲಿ ಬೆಟ್ಟದ ತೊರೆಯದು ಉತ್ತಮ, ನದಿಯದು ಮಧ್ಯಮ, ಬಾವಿಯದು ಕನಿಷ್ಠ. ಆಗಿನ ಜನ ಚಹಾಕ್ಕೆ ಈರುಳ್ಳಿ, ಶುಂಠಿ, ಕಿತ್ತಳೆ ಸಿಪ್ಪೆ, ಪುದೀನ ಹಾಕಿ ಕುದಿಸುತ್ತಿದ್ದರು. ಅಂಥದ್ದು ಚರಂಡಿಗೆ ಚೆಲ್ಲುವ ನೀರಿಗೆ ಸಮಾನ ಎಂದು ಅವನು ಸಿಡಿಮಿಡಿಗೊಂಡಿದ್ದಾನೆ. ನಮ್ಮ ಮಸಾಲೆ ಚಹಾ ಕುಡಿದಿದ್ದರೆ ಏನೆನ್ನುತ್ತಿದ್ದನೋ!

793ರಲ್ಲಿ ತಾಂಗ್ ಸರ್ಕಾರ ಚಹಾದ ಮೇಲೆ ಹತ್ತರಲ್ಲೊಂದು ಪಾಲು ತೆರಿಗೆ ಹಾಕಿತು. ಅರಬ್ ವರ್ತಕರು ಕಂಡ ‘ದೊರೆಯ ಆದಾಯ’ದ ಮೂಲ ಇಲ್ಲಿದೆ.

ಬಟ್ಟಲು ಬಂತು, ಚಹಾ ಬರಲಿಲ್ಲ

ಆ ವರ್ತಕರ ಹಡಗೊಂದು ನಮ್ಮ ಕಾಲದಲ್ಲಿ ಸಿಕ್ಕಿದೆ. 1998ರಲ್ಲಿ ಇಂಡೋನೇಷ್ಯಾದ ಬೆಲಿತುಂಗ್ ದ್ವೀಪದ ಬಳಿ ಸಮುದ್ರದ ತಳದಲ್ಲಿ ಕಂಡ ಆ ಹಡಗು ಮುಳುಗಿದ್ದು ಸುಮಾರು 830ರ ಹೊತ್ತಿಗೆ. ಮೊಳೆಯನ್ನೇ ಬಳಸದೆ ಹಲಗೆಗಳನ್ನು ಹಗ್ಗದಿಂದ ಹೊಲಿದು ಕಟ್ಟಿದ ಹಡಗು, ಅರಬರ ಪದ್ಧತಿಯದು. ಅದರಲ್ಲಿ ಸುಮಾರು 60,000 ಪಿಂಗಾಣಿ ಮತ್ತು ಮಣ್ಣಿನ ಪಾತ್ರೆಗಳಿದ್ದವು. ಹೆಚ್ಚಿನವು ಹುನಾನ್ ಪ್ರಾಂತದ ಚಾಂಗ್‌ಶಾದಲ್ಲಿ ಸುಟ್ಟ ಬಟ್ಟಲುಗಳು. ಒಂದು ಬಟ್ಟಲಿನ ಮೇಲೆ ಚೀನೀ ಅಕ್ಷರಗಳಲ್ಲಿ ‘ಚಹಾ ಬಟ್ಟಲು’ ಎಂದೇ ಬರೆದಿದೆ. ಇವುಗಳಲ್ಲಿ ಬಹುಪಾಲು ಇಂದು ಸಿಂಗಪುರದ ವಸ್ತುಸಂಗ್ರಹಾಲಯದಲ್ಲಿವೆ.

ಇಂಥ ಹಡಗುಗಳು ಎಷ್ಟೋ ದಡ ಸೇರಿದವು. ಚೀನಾದ ಬಟ್ಟಲುಗಳು ಪಶ್ಚಿಮ ಏಷ್ಯಾದ ಮನೆಗಳಿಗೆ ಬಂದವು. ಅವುಗಳನ್ನು ನೋಡಿ ಬಸ್ರಾದ ಕುಂಬಾರರು ತಾವೂ ಬಿಳಿ ಹೊಳಪಿನ ಪಾತ್ರೆಗಳನ್ನು ಮಾಡಲು ಕಲಿತರು. ಆದರೆ ಅವುಗಳಲ್ಲಿ ಕುಡಿಯಬೇಕಾಗಿದ್ದ ಪಾನೀಯ ಅರಬರ ಮನೆಮಾತಾಗಲು ಇನ್ನೂ ಎಷ್ಟೋ ಶತಮಾನಗಳು ಬೇಕಾದವು. ಅಲ್‌ಬಿರೂನಿ ತನ್ನ ಔಷಧಿಗ್ರಂಥ ‘ಕಿತಾಬುಸ್ಸೈದನ’ದಲ್ಲಿ ಚಹಾದ ಬಗ್ಗೆ ಬರೆದಿದ್ದಾನೆ. ಗಮನಿಸಿ, ಪುನಃ ಔಷಧಿಗಳ ಸಾಲಿನಲ್ಲಿಯೇ.

ಪೂರ್ವದಲ್ಲೂ ಬೇರೆಯಾಗಲಿಲ್ಲ. ಸಾಂಗ್ ವಂಶದ ಕಾಲದಲ್ಲಿ ಚೀನೀಯರು ನುಣ್ಣನೆಯ ಚಹಾಪುಡಿಯನ್ನು ಬಟ್ಟಲಿಗೆ ಹಾಕಿ, ಬಿಸಿನೀರು ಸುರಿದು, ಬಿದಿರಿನ ಕಡ್ಡಿಗಳ ಕುಂಚದಿಂದ ನೊರೆಯೇಳುವಂತೆ ಕಡೆಯುತ್ತಿದ್ದರು. 1191ರಲ್ಲಿ ಚೀನಾದಿಂದ ಮರಳಿದ ಐಸಾಯ್ ಎಂಬ ಜಪಾನೀ ಭಿಕ್ಷು ಈ ಪದ್ಧತಿಯನ್ನು ತನ್ನ ನಾಡಿಗೆ ಒಯ್ದ. ಅವನು 1211ರಲ್ಲಿ ಬರೆದ ಪುಸ್ತಕದ ಹೆಸರೇ ಚಹಾ ಕುಡಿದು ಆರೋಗ್ಯ ಕಾಪಾಡುವುದು ಎಂಬರ್ಥದ್ದು. ಅವನ ವಾದ ಕುತೂಹಲಕರ. ದೇಹದ ಒಂದೊಂದು ಅಂಗಕ್ಕೆ ಒಂದೊಂದು ರುಚಿ ಬೇಕು. ಹೃದಯಕ್ಕೆ ಬೇಕಾದದ್ದು ಕಹಿ. ಜಪಾನೀಯರು ಕಹಿ ತಿನ್ನುವುದಿಲ್ಲ, ಆದ್ದರಿಂದ ಅವರ ಹೃದಯ ದುರ್ಬಲ. ಚಹಾ ಕುಡಿದರೆ ಸರಿಹೋಗುತ್ತದೆ. 1214ರಲ್ಲಿ ಅಲ್ಲಿಯ ಸೇನಾಧಿಪತಿ ಸಾನೆತೊಮೊ ಮದ್ಯ ಕುಡಿದು ಅಸ್ವಸ್ಥನಾಗಿದ್ದಾಗ ಐಸಾಯ್ ಅವನಿಗೆ ಚಹಾ ಕೊಟ್ಟ, ಜೊತೆಗೆ ಪುಸ್ತಕವನ್ನೂ ಕೊಟ್ಟ. ನನ್ನ ಮಾಮ ಈ ಪುಸ್ತಕದ ಹೆಸರು ಕೇಳಿದವರಲ್ಲ. ಆದರೂ ಎಂಟುನೂರು ವರ್ಷಗಳ ಹಿಂದಿನ ಆ ಭಿಕ್ಷುವಿನ ತರ್ಕವನ್ನೇ ಅವರು ನನಗೆ ಹೇಳಿದ್ದು.

ಚಕ್ರವರ್ತಿಯ ಒಂದು ಆಜ್ಞೆ

ನಾವು ಇಂದು ಚೀನಾದ ಹಸಿರು ಚಹಾ ಎಂದು ಕರೆಯುವ ಬಿಡಿ ಎಲೆಯ ಪಾನೀಯಕ್ಕೆ ರಾಜಮರ್ಯಾದೆ ಸಿಕ್ಕಿದ್ದು ಮಿಂಗ್ ವಂಶದ ಸ್ಥಾಪಕ ಹೊಂಗ್‌ವೂನಿಂದ. ಬಡ ರೈತನ ಮಗನಾಗಿ ಹುಟ್ಟಿ ಚಕ್ರವರ್ತಿಯಾದವನು ಅವನು. ಅರಮನೆಗೆ ಕಪ್ಪವಾಗಿ ಕೊಡಬೇಕಾಗಿದ್ದ ಚಹಾ ಬಿಲ್ಲೆಗಳ ತಯಾರಿ ರೈತರ ಬೆನ್ನು ಮುರಿಯುತ್ತಿತ್ತು. 1391ರಲ್ಲಿ ಅವನು ಅದನ್ನು ನಿಲ್ಲಿಸಿ, ಇನ್ನು ಮುಂದೆ ಬಿಡಿ ಎಲೆಯನ್ನೇ ಕಳುಹಿಸಿರಿ ಎಂದು ಆಜ್ಞೆ ಹೊರಡಿಸಿದ. ಕುಟ್ಟುವುದು, ತಟ್ಟುವುದು, ಪುಡಿ ಮಾಡುವುದು ಕ್ರಮೇಣ ಮರೆಯಾಯಿತು. ಬಾಣಲೆಯಲ್ಲಿ ಹುರಿಯುವ ಕಲೆ ಬೆಳೆಯಿತು. ಎಲೆಯನ್ನು ಬಿಸಿನೀರಿನಲ್ಲಿ ನೆನೆಸಿ ಕುಡಿಯುವುದು ರೂಢಿಯಾಯಿತು. ನೆನೆಸಲು ಕೂಜೆಗಳು, ಮುಚ್ಚಳದ ಬಟ್ಟಲುಗಳು ಬಂದವು.

ಇದನ್ನು ಓದಿ ಆ ದೊರೆಯನ್ನು ದಯಾಳು ಎಂದು ಭಾವಿಸಬೇಡಿ. ಟಿಬೆಟ್ ಕಡೆಯಿಂದ ಯುದ್ಧದ ಕುದುರೆಗಳನ್ನು ತರಿಸಲು ಚಹಾ ಬೇಕಾಗಿದ್ದರಿಂದ ಗಡಿಯ ಚಹಾ ವ್ಯಾಪಾರ ಸರ್ಕಾರದ ಕೈಯಲ್ಲಿತ್ತು. ಅದನ್ನು ಕದ್ದು ಸಾಗಿಸಿದ್ದಕ್ಕೆ 1397ರಲ್ಲಿ ಹೊಂಗ್‌ವೂ ತನ್ನ ಸ್ವಂತ ಅಳಿಯ ಔಯಾಂಗ್ ಲುನ್‌ನನ್ನೇ ಕೊಲ್ಲಿಸಿದ.

ಮಿಂಗ್ ಕಾಲದ ಝಾಂಗ್ ಯುವಾನ್ ಎಂಬವನು ಎಲೆ ಹಾಕುವ ಕ್ರಮವನ್ನೂ ಋತುವಿಗೆ ತಕ್ಕಂತೆ ವಿಂಗಡಿಸಿದ್ದಾನೆ. ಚಳಿಗಾಲದಲ್ಲಿ ಮೊದಲು ಎಲೆ, ಮೇಲೆ ನೀರು. ಬೇಸಿಗೆಯಲ್ಲಿ ಮೊದಲು ನೀರು, ಅದರ ಮೇಲೆ ಎಲೆ. ವಸಂತ ಮತ್ತು ಶರತ್ಕಾಲದಲ್ಲಿ ಅರ್ಧ ನೀರು, ಎಲೆ, ಮತ್ತೆ ನೀರು. ಋತುವಿನ ಲೆಕ್ಕ ಇಂದು ಯಾರೂ ಕಟ್ಟುನಿಟ್ಟಾಗಿ ಪಾಲಿಸುವುದಿಲ್ಲ. ಆದರೆ ಈ ಮೂರು ವಿಧಾನಗಳು ಈಗಲೂ ಬಳಕೆಯಲ್ಲಿವೆ. ಎಳೆಯ ಚಿಗುರಾದರೆ ನೀರಿನ ಮೇಲೆ ಉದುರಿಸುತ್ತಾರೆ. ಬಲಿತ ಎಲೆಯಾದರೆ ತಳಕ್ಕೆ ಹಾಕಿ ಮೇಲಿಂದ ನೀರು ಸುರಿಯುತ್ತಾರೆ.

ಝೆಜಿಯಾಂಗ್ ಪ್ರಾಂತದ ಹಾಂಗ್‌ಝೌ ನಗರದ ಪಶ್ಚಿಮ ಸರೋವರದ ಸುತ್ತಲಿನ ಗುಡ್ಡಗಳಲ್ಲಿ ಬೆಳೆಯುವ ‘ಲೋಂಗ್‌ಜಿಂಗ್’ ಇವುಗಳಲ್ಲೆಲ್ಲ ಹೆಸರುವಾಸಿ. ಏಪ್ರಿಲ್ ಮೊದಲ ವಾರದಲ್ಲಿ ಚೀನೀಯರು ಹಿರಿಯರ ಗೋರಿಗಳನ್ನು ಗುಡಿಸಿ ಒಪ್ಪ ಮಾಡುವ ಚಿಂಗ್‌ಮಿಂಗ್ ದಿನ ಬರುತ್ತದೆ. ಅದಕ್ಕೆ ಮುಂಚೆ ಕಿತ್ತ ಚಿಗುರಿಗೆ ಬೆಲೆ ಹೆಚ್ಚು. ಅರ್ಧ ಕಿಲೋ ಚಹಾಕ್ಕೆ ಹತ್ತಾರು ಸಾವಿರ ಚಿಗುರುಗಳು ಬೇಕು. ನುರಿತವರು ಕಾದ ಬಾಣಲೆಯಲ್ಲಿ ಬರಿಗೈಯಿಂದ ಎಲೆಯನ್ನು ಒತ್ತಿ ಒತ್ತಿ ಚಪ್ಪಟೆ ಮಾಡುತ್ತಾರೆ. ಸರಿಯಾಗಿ ಹುರಿದ ಎಲೆಗೆ ಹುರಿದ ಕಾಳಿನ ಪರಿಮಳ ಬರುತ್ತದೆ. ಅಲ್ಲಿಯ ಜನ ಅದನ್ನು ಹುಪಾವೊ ಎಂಬ ಬೆಟ್ಟದ ಬುಗ್ಗೆಯ ನೀರಿನಲ್ಲಿ ಮಾಡಿದರೇ ಚೆನ್ನ ಎನ್ನುತ್ತಾರೆ.

ಅದನ್ನು ತಯಾರಿಸುವುದರಲ್ಲಿ ಗುಟ್ಟೇನೂ ಇಲ್ಲ. ಒಂದು ಗಾಜಿನ ಲೋಟ ಸಾಕು. 150 ಮಿಲಿಲೀಟರ್ ನೀರಿಗೆ 3 ಗ್ರಾಂ, ಅಂದರೆ ಸುಮಾರು ಎರಡು ಟೀ ಚಮಚ ಎಲೆ. ನೀರು 75ರಿಂದ 85 ಡಿಗ್ರಿಯೊಳಗಿರಬೇಕು. ಎರಡು ಮೂರು ನಿಮಿಷ ಬಿಟ್ಟರೆ ಎಲೆಗಳು ಅರಳಿ ಮೆಲ್ಲನೆ ತಳಕ್ಕಿಳಿಯುತ್ತವೆ. ನೀರಿನ ಬಣ್ಣ ತಿಳಿ ಹಳದಿ ಹಸಿರಾದರೆ ಆಯಿತು. ಮೂರನೇ ಒಂದು ಭಾಗ ಉಳಿದಿರುವಾಗ ಮತ್ತೆ ಬಿಸಿನೀರು ಸುರಿಯಬಹುದು. ಒಳ್ಳೆಯ ಎಲೆ ಮೂರು ಸುತ್ತು ಬರುತ್ತದೆ. ಒಲೆಯ ಮೇಲೆ ಕುದಿಸುವ ಪ್ರಶ್ನೆಯೇ ಇಲ್ಲ. ಇದಕ್ಕೆ ಕಾರಣವಿದೆ. ಎಲೆಯ ನವಿರಾದ ಸಿಹಿಗೆ ಕಾರಣವಾದ ಥಿಯಾನಿನ್ ಎಂಬ ಅಂಶ ಹದವಾದ ಬಿಸಿಯಲ್ಲೇ ನೀರಿಗಿಳಿಯುತ್ತದೆ. ಒಗರು ಮತ್ತು ಕಹಿಯನ್ನು ಕೊಡುವ ಕೆಟೆಚಿನ್‌ಗಳು ಮತ್ತು ಕೆಫೀನ್ ನೀರು ಬಿಸಿಯಾದಷ್ಟೂ, ಹೊತ್ತು ಕಳೆದಷ್ಟೂ ಹೆಚ್ಚು ಹೆಚ್ಚು ಇಳಿಯುತ್ತವೆ. ಮಾಮಿ ಹತ್ತು ನಿಮಿಷ ಕುದಿಸಿ ತೆಗೆದದ್ದು ಮದ್ದಿನ ಗುಣವನ್ನಲ್ಲ, ಮುಖ್ಯವಾಗಿ ಕಹಿಯನ್ನು.

ಮನೆಯಲ್ಲಿ ತಾಪಮಾಪಕ ಇಲ್ಲದವರಿಗೆ ಸುಲಭದ ಲೆಕ್ಕವೊಂದಿದೆ. ಮೂರು ಪಾಲು ಕುದಿಯುವ ನೀರಿಗೆ ಒಂದು ಪಾಲು ಕುಡಿಯುವ ತಣ್ಣೀರು ಬೆರೆಸಿದರೆ ಸುಮಾರು 80 ಡಿಗ್ರಿ ಆಗುತ್ತದೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ಅಲ್ಲಿಯವರು ತಣ್ಣೀರು ಒಂದು ಗುಟುಕು ಕಡಿಮೆ ಹಾಕಿದರೂ ನಡೆಯುತ್ತದೆ. ನಮ್ಮ ನಿಜವಾದ ತೊಂದರೆ ಬಿಸಿಯದ್ದಲ್ಲ, ಕೊಳವೆಬಾವಿಯದ್ದು. ಗಡಸು ನೀರಿನಲ್ಲಿ ಚಹಾ ಮಂಕಾಗುತ್ತದೆ, ಮೇಲೆ ಕೆನೆಯಂತೆ ಪೊರೆ ಕಟ್ಟುತ್ತದೆ, ಪರಿಮಳ ಏಳುವುದಿಲ್ಲ. ಬಾವಿ ನೀರನ್ನು ಲೂ ಯೂ ಕೊನೆಯ ಸಾಲಿಗೆ ತಳ್ಳಿದ್ದು ಸುಮ್ಮನೆ ಅಲ್ಲ.

ಮಾರುವವರ ಬಾಯಲ್ಲಿ

ಹದಿನಾರನೆಯ ಶತಮಾನದ ನಡುವಿನಲ್ಲಿ ಕಾಸ್ಪಿಯನ್ ಸಮುದ್ರದ ದಂಡೆಯ ಗೀಲಾನ್ ಪ್ರಾಂತದ ಹಾಜಿ ಮುಹಮ್ಮದ್ ಎಂಬ ವರ್ತಕ ಇಟಲಿಯ ವೆನಿಸ್‌ಗೆ ಹೋಗಿದ್ದ. ಯುನಾನಿ ಹಕೀಮರು ಬಳಸುವ ರೇವಂದ ಚೀನಿ ಎಂಬ ಬೇರನ್ನು ಮಾರುವುದು ಅವನ ಕಸುಬು. ಆ ಬೇರು ತರಲು ಚೀನಾದ ವಾಯವ್ಯ ಗಡಿಯವರೆಗೂ ಹೋಗಿ ಬಂದಿದ್ದ. ರಾಮುಸಿಯೊ ಎಂಬ ವಿದ್ವಾಂಸ ಅವನನ್ನು ಊಟಕ್ಕೆ ಕರೆದು ಚೀನಾದ ಸುದ್ದಿ ಕೇಳಿದ. ಹಾಜಿ ಚಹಾದ ಬಗ್ಗೆ ಹೇಳಿದ. ಖಾಲಿ ಹೊಟ್ಟೆಯಲ್ಲಿ ಒಂದೆರಡು ಬಟ್ಟಲು ಕುಡಿದರೆ ಜ್ವರ, ತಲೆನೋವು, ಹೊಟ್ಟೆನೋವು, ಕೀಲುನೋವು ಎಲ್ಲವೂ ಹೋಗುತ್ತವೆ. ಅಲ್ಲಿಯವರು ಇದರ ಒಂದು ಔನ್ಸಿಗೆ ರೇವಂದ ಚೀನಿಯ ಒಂದು ಚೀಲವನ್ನೇ ಕೊಟ್ಟಾರು ಎಂದ. ರಾಮುಸಿಯೊನ ಪುಸ್ತಕ 1559ರಲ್ಲಿ ಅಚ್ಚಾಯಿತು. ಯುರೋಪಿನಲ್ಲಿ ಮುದ್ರಣಗೊಂಡ ಚಹಾದ ಮೊದಮೊದಲ ಉಲ್ಲೇಖಗಳಲ್ಲಿ ಇದು ಸೇರುತ್ತದೆ. ಒಬ್ಬ ಮುಸ್ಲಿಮ್ ಔಷಧಿ ವ್ಯಾಪಾರಿಯ ಬಾಯಿಂದ ಯುರೋಪ್ ಚಹಾದ ಸುದ್ದಿ ಕೇಳಿತು ಎಂಬುದು ನಮಗೆ ಸಂತೋಷದ ವಿಷಯವೇ. ಆದರೆ ಕೇಳಿದ್ದು ಯಾವ ಸುದ್ದಿಯನ್ನು ಎಂಬುದನ್ನೂ ನೋಡಬೇಕು. ‘ಎಲ್ಲಕ್ಕೂ ಮದ್ದು’ ಎಂಬ ಅದೇ ಹಳೆಯ ಸುದ್ದಿಯನ್ನು.

ನೂರು ವರ್ಷಗಳ ನಂತರ, 1660ರ ಹೊತ್ತಿಗೆ, ಲಂಡನ್ನಿನ ಥಾಮಸ್ ಗ್ಯಾರವೇ ಎಂಬ ಕಾಫಿಯಂಗಡಿಯವನು ಚಹಾದ ಗುಣಗಳನ್ನು ಪಟ್ಟಿ ಮಾಡಿ ಕರಪತ್ರವನ್ನೇ ಹಂಚಿದ. ತಲೆನೋವಿನಿಂದ ಹಿಡಿದು ಮೂತ್ರಕೋಶದ ಕಲ್ಲಿನವರೆಗೆ ಅದರಲ್ಲಿ ಇಲ್ಲದ ರೋಗವಿಲ್ಲ. ಹಾಜಿ ಮುಹಮ್ಮದ್ ಕಂಡು ಕೇಳಿದ್ದನ್ನು ಹೇಳಿದ್ದ. ಗ್ಯಾರವೇ ಹೇಳುತ್ತಿದ್ದದ್ದು ತನ್ನಲ್ಲಿದ್ದ ದಾಸ್ತಾನನ್ನು ಮಾರಲು.

ಆ ಕಾಲದ ಯುರೋಪಿಗೆ ಹಸಿರು ಚಹಾವೂ ಸಾಕಷ್ಟು ಹೋಗುತ್ತಿತ್ತು. 1773ರಲ್ಲಿ ಅಮೆರಿಕದ ಬೋಸ್ಟನ್ ಬಂದರಿನಲ್ಲಿ ಸಮುದ್ರಕ್ಕೆಸೆದ ಸುಮಾರು 340 ಪೆಟ್ಟಿಗೆಗಳಲ್ಲಿ 75 ಹಸಿರು ಚಹಾದವು. ಬೇಡಿಕೆ ಏರಿದಂತೆ ಮೋಸವೂ ಏರಿತು. 1848ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಚಹಾದ ಗಿಡ ಮತ್ತು ಬೀಜಗಳನ್ನು ತರಲು ಕಳುಹಿಸಿದ ರಾಬರ್ಟ್ ಫಾರ್ಚೂನ್ ಚೀನೀ ವೇಷ ಹಾಕಿಕೊಂಡು ಒಳನಾಡಿನ ತಯಾರಿಕಾ ಕೇಂದ್ರವೊಂದಕ್ಕೆ ಹೋದಾಗ ಕೆಲಸಗಾರರ ಕೈಗಳು ನೀಲಿಯಾಗಿದ್ದವು. ಎಲೆ ಹಸಿರಾಗಿ ಹೊಳೆಯಲೆಂದು ಪ್ರಷ್ಯನ್ ಬ್ಲೂ ಎಂಬ ನೀಲಿ ಬಣ್ಣವನ್ನೂ ಜಿಪ್ಸಂ ಪುಡಿಯನ್ನೂ ಅವರು ಬೆರೆಸುತ್ತಿದ್ದರು. ಬಣ್ಣದ ಚಹಾ 100 ಪೌಂಡ್ ಕುಡಿದವನು ಅರ್ಧ ಪೌಂಡಿಗಿಂತ ಹೆಚ್ಚು ಈ ಪುಡಿಗಳನ್ನು ಕುಡಿದಿರುತ್ತಾನೆ ಎಂದು ಫಾರ್ಚೂನ್ ಲೆಕ್ಕ ಹಾಕಿದ. ಚೀನೀಯರು ಅದನ್ನು ಕುಡಿಯುತ್ತಿರಲಿಲ್ಲ. ಹೊರದೇಶದವರಿಗೆ ಅಂಥದ್ದೇ ಬೇಕು, ಅದಕ್ಕೇ ಹೆಚ್ಚು ಬೆಲೆ ಕೊಡುತ್ತಾರೆ, ಹಾಗಾಗಿ ಮಾಡುತ್ತೇವೆ ಎಂಬುದು ಅವರ ಉತ್ತರ. ಎಲೆಯನ್ನು ಬಲ್ಲವನಿಗೆ ಎಲೆ, ಬಲ್ಲದವನಿಗೆ ಬಣ್ಣ! ಕಲಬೆರಕೆ ಚಹಾದ ಆಮದನ್ನು ಅಮೆರಿಕ ಕಾನೂನಿನಿಂದ ತಡೆದದ್ದು 1883ರಲ್ಲಿ.

ಹಸಿರು ಚಹಾವನ್ನು ಮದ್ದೆಂದು ನುಂಗದೆ ಮನೆಯ ಪಾನೀಯವಾಗಿ ಮಾಡಿಕೊಂಡವರೂ ಇದ್ದಾರೆ. ಮೊರೊಕ್ಕೊ ಅವರಲ್ಲಿ ಮುಖ್ಯವಾದದ್ದು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ಕ್ರಿಮಿಯಾ ಯುದ್ಧದಿಂದ (1853-56) ಉತ್ತರ ಯುರೋಪಿನ ಪೇಟೆ ಮುಚ್ಚಿದಾಗ ಇಂಗ್ಲಿಷ್ ವ್ಯಾಪಾರಿಗಳು ತಮ್ಮ ಸರಕನ್ನು ತಾಂಜಿಯರ್ ಮತ್ತು ಮೊಗದೋರ್ ಬಂದರುಗಳಿಗೆ ತಿರುಗಿಸಿದರು. ಝೆಜಿಯಾಂಗಿನಲ್ಲಿ ಮಣಿಯಂತೆ ಉರುಟಾಗಿ ಸುರುಳಿ ಸುತ್ತಿದ ಎಲೆ ಮೊರೊಕ್ಕೊದವರಿಗೆ ಹಿಡಿಸಿತು. ಇಂಗ್ಲಿಷರು ಅದನ್ನು ಗನ್‌ಪೌಡರ್ ಎಂದು ಕರೆದರು. ಮೊರೊಕ್ಕೊದವರು ಎಲೆಯನ್ನು ಕುದಿನೀರಿನಿಂದ ತೊಳೆದು, ಹಸಿ ಪುದೀನ ಮತ್ತು ಧಾರಾಳ ಸಕ್ಕರೆ ಹಾಕಿ, ಎತ್ತರದಿಂದ ನೊರೆ ಬರುವಂತೆ ಪುಟ್ಟ ಗಾಜಿನ ಲೋಟಗಳಿಗೆ ಸುರಿಯುತ್ತಾರೆ. ಲೂ ಯೂನ ಶಾಸ್ತ್ರಕ್ಕೆ ಇದು ಪೂರ್ತಿ ವಿರುದ್ಧ. ಆದರೂ ಅತಿಥಿ ಬಂದಾಗ ಮನೆಯ ಹಿರಿಯರೇ ಕುಳಿತು ತಯಾರಿಸುವ ಆ ‘ಅತಾಯ್’ಗೆ ತನ್ನದೇ ಶಾಸ್ತ್ರವಿದೆ. ಚೀನಾದ ಹಸಿರು ಚಹಾವನ್ನು ಅತಿ ಹೆಚ್ಚು ಕೊಳ್ಳುವ ದೇಶ ಮೊರೊಕ್ಕೊ. ಚೀನಾದೊಳಗೇ ಗಾನ್ಸು, ನಿಂಗ್‌ಷಿಯಾ ಪ್ರಾಂತಗಳ ಹುಯಿ ಮುಸ್ಲಿಮರು ಮುಚ್ಚಳದ ಬಟ್ಟಲಿನಲ್ಲಿ ಚಹಾದ ಜೊತೆಗೆ ಕಲ್ಲುಸಕ್ಕರೆ, ಬೋರೆ ಜಾತಿಯ ಒಣಹಣ್ಣು, ಒಣದ್ರಾಕ್ಷಿ, ಎಳ್ಳು, ಅಕ್ರೋಟು ಹಾಕಿ ಅತಿಥಿಗೆ ಕೊಡುತ್ತಾರೆ. ನಮ್ಮ ಕಾಶ್ಮೀರದಲ್ಲಿ ಇದೇ ಜಾತಿಯ ಎಲೆಯನ್ನು ಸೋಡಾ ಹಾಕಿ ಬಹಳ ಹೊತ್ತು ಕುದಿಸಿ, ಹಾಲು ಮತ್ತು ಉಪ್ಪು ಸೇರಿಸಿ ಗುಲಾಬಿ ಬಣ್ಣದ ‘ನೂನ್ ಚಾಯ್’ ಮಾಡುತ್ತಾರೆ. ಇವರಲ್ಲಿ ಯಾರೂ ರೋಗ ವಾಸಿಯಾಗಲೆಂದು ಕುಡಿಯುವವರಲ್ಲ.

ಹೆಸರಿನ ವಿಷಯವೂ ಒಂದಿದೆ. ಭೂಮಾರ್ಗದಿಂದಲೂ ಪೋರ್ಚುಗೀಸರಿಂದಲೂ ಹರಡಿದ್ದು ‘ಚಾ’. ಫುಜಿಯಾನ್ ಕರಾವಳಿಯ ‘ತೆ’ ಡಚ್ಚರ ಹಡಗು ಹತ್ತಿ ‘ಟೀ’ ಆಯಿತು. ಧಾರವಾಡದವರು ಚಹಾ ಎನ್ನುವಾಗಲೂ ಮೈಸೂರಿನವರು ಟೀ ಎನ್ನುವಾಗಲೂ ಚೀನಾದ ಎರಡು ಪ್ರಾಂತಗಳ ಉಚ್ಚಾರವನ್ನೇ ಕೇಳುತ್ತಿದ್ದೇವೆ.

ನಿಜವಾಗಿ ಏನು ಸಿಗುತ್ತದೆ?

ಈಗ ಆ ಹಳೆಯ ಮಾತನ್ನು ಪರೀಕ್ಷಿಸಲು ನಮಗೆ ಸಾಧನಗಳಿವೆ. ಜಪಾನಿನ ಮಿಯಾಗಿ ಪ್ರಾಂತದ ಒಸಾಕಿ ಎಂಬಲ್ಲಿ 1994ರಿಂದ 40,530 ವಯಸ್ಕರನ್ನು ಹಲವು ವರ್ಷ ಗಮನಿಸಿದರು. ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ದಿನಕ್ಕೆ ಐದು ಅಥವಾ ಹೆಚ್ಚು ಬಟ್ಟಲು ಹಸಿರು ಚಹಾ ಕುಡಿಯುವವರಲ್ಲಿ, ಒಂದು ಬಟ್ಟಲಿಗಿಂತ ಕಡಿಮೆ ಕುಡಿಯುವವರಿಗಿಂತ ಸಾವಿನ ಪ್ರಮಾಣ ಗಂಡಸರಲ್ಲಿ ಶೇ. 12, ಹೆಂಗಸರಲ್ಲಿ ಶೇ. 23 ಕಡಿಮೆಯಿತ್ತು. ವ್ಯತ್ಯಾಸ ಮುಖ್ಯವಾಗಿ ಕಂಡದ್ದು ಹೃದಯ ಮತ್ತು ರಕ್ತನಾಳದ ಕಾಯಿಲೆಗಳಲ್ಲಿ. ಕ್ಯಾನ್ಸರ್ ಸಾವುಗಳಲ್ಲಿ ವ್ಯತ್ಯಾಸವಿರಲಿಲ್ಲ. ಚೀನಾದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿದ ಅಧ್ಯಯನ 2020ರಲ್ಲಿ ಬಂತು. ವಾರಕ್ಕೆ ಮೂರು ಅಥವಾ ಹೆಚ್ಚು ಸಲ ಚಹಾ ಕುಡಿಯುವವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ಶೇ. 20 ಕಡಿಮೆ ಎಂದು ಅದು ಹೇಳಿತು. ಆ ಸಂಬಂಧ ಹಸಿರು ಚಹಾದಲ್ಲೇ ಸ್ಪಷ್ಟವಾಗಿ ಕಂಡಿತು.

ಸಣ್ಣ ಮಾತಲ್ಲ ಇದು. ಆದರೆ ಇವು ಜನ ಬದುಕುವ ರೀತಿಯನ್ನು ಗಮನಿಸಿ ಹಾಕಿದ ಲೆಕ್ಕಗಳು. ಚಹಾ ಕುಡಿಯುವವರು ಇನ್ನೇನು ತಿನ್ನುತ್ತಾರೆ, ಎಷ್ಟು ನಡೆಯುತ್ತಾರೆ ಎಂಬುದನ್ನು ಪೂರ್ತಿಯಾಗಿ ಬೇರ್ಪಡಿಸುವುದು ಕಷ್ಟ. ಜನರಿಗೆ ಹಸಿರು ಚಹಾವನ್ನೇ ಕೊಟ್ಟು ನಡೆಸಿದ ಪ್ರಯೋಗಗಳಲ್ಲಿ ಕೊಲೆಸ್ಟರಾಲ್ ಮತ್ತು ರಕ್ತದೊತ್ತಡ ಇಳಿಯುವುದು ಕೊಂಚ ಮಾತ್ರ. ತೂಕದ ಮಾತಂತೂ ನಿರಾಶಾದಾಯಕ. ವೈದ್ಯಕೀಯ ಪುರಾವೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆ 2012ರಲ್ಲಿ 18 ಪ್ರಯೋಗಗಳನ್ನು ಪರಿಶೀಲಿಸಿತು. ಜಪಾನಿನ ಹೊರಗೆ ನಡೆದ ಪ್ರಯೋಗಗಳಲ್ಲಿ ಹಸಿರು ಚಹಾದಿಂದ ಇಳಿದ ತೂಕ ಸರಾಸರಿ 40 ಗ್ರಾಂ! 2020ರಲ್ಲಿ ಅದೇ ಸಂಸ್ಥೆ ಕ್ಯಾನ್ಸರಿನ ಕುರಿತು 142 ಅಧ್ಯಯನಗಳನ್ನು ನೋಡಿ, ತಡೆಯುತ್ತದೆ ಎಂದು ಹೇಳುವಷ್ಟು ಹೊಂದಾಣಿಕೆಯ ಪುರಾವೆಯಿಲ್ಲ ಎಂದಿತು. ಬೊಜ್ಜು ಕರಗಿಸುವುದಾಗಿ ಡಬ್ಬಿಗಳ ಮೇಲೆ ಅಚ್ಚಾಗುವ ಚಿತ್ರಗಳು ಗ್ಯಾರವೇಯ ಕರಪತ್ರದ ಮರಿಮಕ್ಕಳು.

ಅಪಾಯದ ಸಂಗತಿಯೊಂದನ್ನು ಒತ್ತಿ ಹೇಳಲೇಬೇಕು. ಎಲೆಯ ಸಾರವನ್ನು ಸಾಂದ್ರಗೊಳಿಸಿ ಗುಳಿಗೆ ಮಾಡಿ ಮಾರುತ್ತಾರೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಪರಿಶೀಲಿಸಿದಂತೆ, ಕುಡಿಯುವ ಹಸಿರು ಚಹಾದಿಂದ ಜನರಿಗೆ ದಿನಕ್ಕೆ ಸರಾಸರಿ 90ರಿಂದ 300 ಮಿಲಿಗ್ರಾಂನಷ್ಟು ಇಜಿಸಿಜಿ ಎಂಬ ಮುಖ್ಯ ಕೆಟೆಚಿನ್ ಸಿಗುತ್ತದೆ. ಅದು ಸಾಮಾನ್ಯವಾಗಿ ಸುರಕ್ಷಿತ. ಗುಳಿಗೆಗಳಿಂದ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾಗುವ ಲಕ್ಷಣಗಳು ಕಂಡವು. ನೀರಿನಲ್ಲಿ ನೆನೆಸಿ ಕುಡಿದಾಗ ಒಳ್ಳೆಯದಾದ ವಸ್ತು ಗುಳಿಗೆಯಾದಾಗ ಕೆಟ್ಟದ್ದಾಗಬಹುದು.

ಇನ್ನೂ ಕೆಲವು ವಿಷಯಗಳಿವೆ. ಚಹಾ ಊಟದಲ್ಲಿನ ಕಬ್ಬಿಣಾಂಶವನ್ನು ದೇಹ ಹೀರದಂತೆ ತಡೆಯುತ್ತದೆ, ಮುಖ್ಯವಾಗಿ ಸೊಪ್ಪು, ಬೇಳೆಕಾಳುಗಳಲ್ಲಿರುವ ಕಬ್ಬಿಣವನ್ನು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿ ರಕ್ತಹೀನತೆಯವರು. ಅವರು ಊಟದ ಜೊತೆಗೆ ಹಸಿರು ಚಹಾ ಕುಡಿಯುವುದು ಬೇಡ, ಒಂದು ಗಂಟೆ ಬಿಟ್ಟು ಕುಡಿಯಲಿ. ರಕ್ತದೊತ್ತಡದ ನಾಡೋಲಾಲ್ ಎಂಬ ಔಷಧಿ ರಕ್ತಕ್ಕೆ ಸೇರುವುದನ್ನು ಹಸಿರು ಚಹಾ ಬಹಳಷ್ಟು ತಗ್ಗಿಸಿದ್ದು 2014ರ ಒಂದು ಪ್ರಯೋಗದಲ್ಲಿ ಕಂಡಿದೆ. ದಿನವೂ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಬೇಕು. 65 ಡಿಗ್ರಿಗಿಂತ ಬಿಸಿಯಾದ ಯಾವುದೇ ಪಾನೀಯ ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಹೇಳಿತು. 80 ಡಿಗ್ರಿಯ ನೀರು ಎಲೆಗೆ ಸರಿ, ಗಂಟಲಿಗಲ್ಲ. ಲೋಟದಲ್ಲಿ ಎಲೆ ಅರಳುವುದನ್ನು ನೋಡುತ್ತಾ ಕುಳಿತರೆ ಅಷ್ಟರಲ್ಲಿ ಆರಿರುತ್ತದೆ.

ಮಾಮನ ರಕ್ತದ ಸಕ್ಕರೆ ಮುಂದಿನ ತಪಾಸಣೆಯಲ್ಲಿ ಎಷ್ಟೋ ಏರಿತ್ತು. ವೈದ್ಯರು ಗದರಿದ ಮೇಲೆ ಮಾತ್ರೆಗಳು ಮರಳಿ ಬಂದವು. ಚಹಾವನ್ನು ಬಿಡಬೇಕಾಗಿಲ್ಲ ಎಂದೂ ವೈದ್ಯರು ಹೇಳಿದ್ದರು. ಕಳೆದ ಸಲ ಹೋದಾಗ ನಾನೇ ಅಡುಗೆಮನೆಗೆ ಹೋಗಿ, ಮೂರು ಪಾಲು ಕುದಿನೀರು, ಒಂದು ಪಾಲು ತಣ್ಣೀರಿನ ಲೆಕ್ಕದಲ್ಲಿ ಅದೇ ಡಬ್ಬಿಯ ಎಲೆಯನ್ನು ಗಾಜಿನ ಲೋಟದಲ್ಲಿ ನೆನೆಸಿ ತಂದುಕೊಟ್ಟೆ. ಒಂದು ಗುಟುಕು ಕುಡಿದು ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು. ಇನ್ನೊಂದು ಗುಟುಕು ಕುಡಿದರು.

“ಇದರಲ್ಲಿ ಕಹಿಯೇ ಇಲ್ಲವಲ್ಲ ಮಗಾ” ಎಂದರು, ಅನುಮಾನದಿಂದ.